ಸ್ಮಾರಕ ಕಲ್ಲಿನ ನೆತ್ತಿ ಓದುವುದು: ಕೀರ್ತಿಮುಖ, ಕಹಳೆ ಮತ್ತು ಬೂದಿಯ ಪಾತ್ರೆ

ಶಾಸನ ಅಂದ ಕೂಡಲೇ ನಮ್ಮ ಕಣ್ಣು ಮೊದಲು ಹೋಗುವುದು ಅಕ್ಷರಕ್ಕೆ. ಅರಸ ಯಾರು, ಶಕವರ್ಷ ಎಷ್ಟು, ಕೊಟ್ಟ ದಾನ ಏನು, ಇಷ್ಟು ಸಿಕ್ಕರೆ ಕಲ್ಲು ಓದಿದ ಹಾಗಾಯ್ತು ಅಂದುಕೊಳ್ಳುತ್ತೇವೆ. ಅಚ್ಚು ತೆಗೆಯುವಾಗಲೂ ಬರಹವಿರುವ ಭಾಗಕ್ಕೇ ನಮ್ಮ ಗಮನ. ಮೇಲಿರುವ ಸೂರ್ಯ-ಚಂದ್ರ, ಕಲಶ, ಬಾಯಿ ತೆರೆದ ಸಿಂಹದಂಥ ಮುಖ ಇವೆಲ್ಲ ‘ಅಲಂಕಾರ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ.

ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿನ ವಿಷಯದಲ್ಲಿ ಹೀಗೆ ಮಾಡಿದರೆ ಅರ್ಧ ಪಾಠ ಕೈಬಿಟ್ಟ ಹಾಗೆ. ಸಾವು ಅಂದರೇನು, ಸತ್ತ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗೆ ಕಲ್ಲುಕುಟಿಗ ಉತ್ತರ ಬರೆದಿರುವುದು ಹೆಚ್ಚಾಗಿ ಸಂಕೇತಗಳಲ್ಲಿ. ಈ ಬರಹದಲ್ಲಿ ಎರಡು ಬಗೆಯ ಸ್ಮಾರಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು, 1800ರ ಆಸುಪಾಸಿನಲ್ಲಿ ಬ್ರಿಟಿಷರು ನಮ್ಮ ನೆಲದಲ್ಲಿ ಎಬ್ಬಿಸಿದ ನವಶಾಸ್ತ್ರೀಯ ಶೈಲಿಯ ಸ್ಮಾರಕಗಳು. ಇನ್ನೊಂದು, ಕೊಪ್ಪಳ-ಕಿನ್ನಾಳ ಸೀಮೆಯ ಕಲ್ಲುಗಳು ಮತ್ತು ಅವುಗಳ ಬಳಗಕ್ಕೆ ಸೇರಿದ ಕರ್ನಾಟಕದ ವೀರಗಲ್ಲು, ನಿಷಿಧಿಗಳು. ಎರಡೂ ಕಡೆ ಕೀರ್ತಿಗೆ ಒಂದೊಂದು ರೂಪ ಕೊಟ್ಟಿದ್ದಾರೆ, ಸಾವಿಗೂ ಕೊಟ್ಟಿದ್ದಾರೆ. ಅವು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಅಂತ ಗೊತ್ತಾದರೆ ನಮ್ಮೂರ ಅಗಸಿ ಬಾಗಿಲ ಹತ್ತಿರ ನಿಂತ ಕಲ್ಲನ್ನು ನೋಡುವ ಬಗೆಯೇ ಬದಲಾಗುತ್ತದೆ.

ಕೀರ್ತಿ ಎಂದರೆ ಬಾಯಿಮಾತು

ಮೊದಲು ಪದದಿಂದ ಶುರು ಮಾಡೋಣ. ‘ಕೀರ್ತಿ’ ಮತ್ತು ‘ಕೀರ್ತನೆ’ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಆ ಬೇರಿನ ಅರ್ಥ ಹೆಸರೆತ್ತುವುದು, ಹೇಳುವುದು, ಹೊಗಳುವುದು. ಅಂದರೆ ಕೀರ್ತಿ ಎಂದರೆ ಒಬ್ಬರ ಬಗ್ಗೆ ಇನ್ನೊಬ್ಬರು ಆಡುವ ಮಾತು. ಲ್ಯಾಟಿನ್ ಭಾಷೆಯ ‘ಫಾಮಾ’ ಕೂಡ ‘ಮಾತಾಡು’ ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಇಂಗ್ಲಿಷಿನ ‘ಫೇಮ್’ ಅದರ ಮಗಳು. ದೂರದೂರದ ಎರಡು ಭಾಷೆಗಳು ಕೀರ್ತಿಯನ್ನು ನಾಲಿಗೆಯ ಮೇಲೆಯೇ ಕೂರಿಸಿವೆ.

ರೋಮನ್ ಕವಿ ವರ್ಜಿಲ್ ತನ್ನ ‘ಈನಿಡ್’ ಕಾವ್ಯದ ನಾಲ್ಕನೇ ಭಾಗದಲ್ಲಿ ಈ ಫಾಮಾಳನ್ನು ಸುಂದರಿಯಾಗಿ ಚಿತ್ರಿಸಲಿಲ್ಲ. ಆಕೆ ಒಂದು ರಾಕ್ಷಸಿ. ಮೈಮೇಲೆ ಎಷ್ಟು ಗರಿಗಳೋ ಅಷ್ಟು ಕಣ್ಣು, ಅಷ್ಟು ಬಾಯಿ, ಅಷ್ಟು ಕಿವಿ. ಹೋದಲ್ಲೆಲ್ಲ ಬೆಳೆಯುತ್ತಾಳೆ, ನಿಜ-ಸುಳ್ಳು ಎರಡನ್ನೂ ಹರಡುತ್ತಾಳೆ. ಮುಂದಿನ ಶತಮಾನಗಳ ಯುರೋಪಿನ ಕಲಾವಿದರು ಈ ರಾಕ್ಷಸಿಯನ್ನು ಪಳಗಿಸಿದರು. ಅವಳಿಗೆ ಎರಡು ರೆಕ್ಕೆ ಬಿಟ್ಟು, ಸಾವಿರ ಬಾಯಿಯ ಬದಲು ಕೈಗೊಂದು ಉದ್ದನೆಯ ಕಹಳೆ ಕೊಟ್ಟರು. ಸ್ಮಾರಕಗಳ ಮೇಲೆ ಕಹಳೆ ಊದುವ ರೆಕ್ಕೆಯ ಹೆಣ್ಣು ಕಂಡರೆ ಆಕೆಯೇ ಕೀರ್ತಿ. ಕಹಳೆ ಅವಳ ಬಾಯಿಗೆ ಬದಲಿಯಾಗಿ ಬಂದದ್ದು ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಲೆಬುರುಡೆ ಹೋಗಿ ದೀವಟಿಗೆ ಬಂತು

ಯುರೋಪಿನ ಹಳೆಯ ಗೋರಿಗಳ ಮೇಲೆ ಸಾವು ಅಂದರೆ ತಲೆಬುರುಡೆ, ಎಲುಬು, ಕುಡುಗೋಲು ಹಿಡಿದ ಅಸ್ಥಿಪಂಜರ. 18ನೇ ಶತಮಾನದಲ್ಲಿ ಇದು ಬದಲಾಯಿತು. ಇಟಲಿಯಲ್ಲಿ ಬೂದಿಯಡಿ ಹೂತಿದ್ದ ಹರ್ಕ್ಯುಲೇನಿಯಮ್ (1738) ಮತ್ತು ಪಾಂಪೇ (1748) ಪಟ್ಟಣಗಳ ಉತ್ಖನನ ಶುರುವಾದ ಮೇಲೆ ಪ್ರಾಚೀನ ಗ್ರೀಕ್-ರೋಮನ್ ರೂಪಗಳ ಹುಚ್ಚು ಹಿಡಿಯಿತು. ಇದೇ ನವಶಾಸ್ತ್ರೀಯ ಶೈಲಿ. 1769ರಲ್ಲಿ ಜರ್ಮನ್ ಲೇಖಕ ಲೆಸ್ಸಿಂಗ್, ಪ್ರಾಚೀನರು ಸಾವನ್ನು ಹೇಗೆ ಚಿತ್ರಿಸಿದರು ಎಂಬ ಬಗ್ಗೆಯೇ ಒಂದು ಪ್ರಬಂಧ ಬರೆದ. ಅವರು ಸಾವನ್ನು ಅಸ್ಥಿಪಂಜರವಾಗಿ ತೋರಿಸಲಿಲ್ಲ, ನಿದ್ರೆಯ ಸೋದರನಾದ ಒಬ್ಬ ತರುಣನಾಗಿ, ದೀವಟಿಗೆಯನ್ನು ತಲೆಕೆಳಗಾಗಿ ಹಿಡಿದವನಾಗಿ ತೋರಿಸಿದರು ಎಂಬುದು ಅವನ ವಾದ.

ಹೀಗೆ ಹೊಸದೊಂದು ಸಂಕೇತಕೋಶ ತಯಾರಾಯಿತು. ಮಂಡ್ಯ, ಬೆಂಗಳೂರು, ಧಾರವಾಡ ಎಲ್ಲೇ ಆಗಲಿ, ಕಂಪನಿ ಕಾಲದ ಗೋರಿಸ್ಥಳಕ್ಕೆ ಹೋದಾಗ ಇದು ಕೈಗೆ ಬರುತ್ತದೆ:

ತಲೆಕೆಳಗಾದ ದೀವಟಿಗೆ ಎಂದರೆ ಆರಿದ ಪ್ರಾಣ. ಮುರಿದ ಕಂಬ ಎಂದರೆ ಅರ್ಧಕ್ಕೇ ನಿಂತ ಆಯುಷ್ಯ. ಮುಸುಕು ಹೊದ್ದ ಹೂಜಿಯಂಥ ಪಾತ್ರೆ ಎಂದರೆ ರೋಮನ್ನರು ಚಿತಾಭಸ್ಮ ಇಡುತ್ತಿದ್ದ ಪಾತ್ರೆ. ತನ್ನ ಬಾಲ ತಾನೇ ಕಚ್ಚಿದ ಹಾವು ಎಂದರೆ ಕೊನೆಯಿಲ್ಲದ ಕಾಲ. ಎಲೆಗಳ ಮಾಲೆ ಎಂದರೆ ಗೆಲುವು. ಒಬೆಲಿಸ್ಕ್, ಅಂದರೆ ಮೇಲಕ್ಕೆ ಹೋದಂತೆ ಸಣ್ಣಗಾಗಿ ಮೊನೆಗೊಳ್ಳುವ ನಾಲ್ಕು ಮುಖದ ಕಂಬ, ಈಜಿಪ್ಟಿನಿಂದ ರೋಮಿಗೆ, ಅಲ್ಲಿಂದ ಯುರೋಪಿಗೆ ಬಂದದ್ದು. ಅದು ಅಳಿಯದ ಹೆಸರಿನ ಗುರುತು.

ಈ ಕೋಶದ ಮಾತುಗಳು ನಮ್ಮಲ್ಲಿಗೆ ಬಂದದ್ದು ಯುದ್ಧಗಳ ಜೊತೆ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್-ಟಿಪ್ಪು ಸೇನೆಗೆ ಸೋತು ಸೆರೆಯಾದ ಕರ್ನಲ್ ವಿಲಿಯಂ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಅವನ ಸ್ಮಾರಕವನ್ನು ಅಲ್ಲಿ ಕಟ್ಟಿಸಿದ್ದು 1816ರಲ್ಲಿ, ಲಖನೌದಲ್ಲಿ ರೆಸಿಡೆಂಟ್ ಆಗಿದ್ದ ಅವನ ಸಂಬಂಧಿ ಜಾನ್ ಬೇಯ್ಲಿ. ಸೋತು ಸೆರೆಯಲ್ಲಿ ಸತ್ತವನಿಗೆ ಮೂವತ್ತನಾಲ್ಕು ವರ್ಷಗಳ ನಂತರ ಕೀರ್ತಿ ಬಂತು, ಅದೂ ಆ ನೆಲ ಗೆದ್ದವರ ಕೈ ಸೇರಿದ ಮೇಲೆ.

ಇನ್ನೂ ಕುತೂಹಲದ್ದು ದಿವಾನ್ ಪೂರ್ಣಯ್ಯ ಶ್ರೀರಂಗಪಟ್ಟಣದ ಹತ್ತಿರ ನಿಲ್ಲಿಸಿದ ಒಬೆಲಿಸ್ಕ್. ಅದು ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದು 1804ರಲ್ಲಿ ತೀರಿಕೊಂಡ ಜೊಸಾಯ ವೆಬ್ ಎಂಬವನ ನೆನಪಿನದು. ಅದೇ ವೆಬ್‌ಗೆ ಮದ್ರಾಸಿನ ಸೇಂಟ್ ಮೇರಿ ಚರ್ಚಿನಲ್ಲಿ ಅಮೃತಶಿಲೆಯ ಸ್ಮಾರಕ ಕಡೆದವನು ಇಂಗ್ಲೆಂಡಿನ ನವಶಾಸ್ತ್ರೀಯ ಶಿಲ್ಪಿಗಳಲ್ಲಿ ಬಹು ಹೆಸರಾದ ಜಾನ್ ಫ್ಲ್ಯಾಕ್ಸ್‌ಮನ್. ಒಬ್ಬನೇ ಮನುಷ್ಯನಿಗೆ ಚರ್ಚಿನೊಳಗೆ ಅಮೃತಶಿಲೆ, ಮೈಸೂರು ಸೀಮೆಯ ಬಯಲಲ್ಲಿ ಕಂಬ. ಗರುಡಗಂಬ, ಮಾನಸ್ತಂಭ ನೋಡಿ ಬೆಳೆದ ನಾಡಿನ ದಿವಾನನಿಗೆ ‘ನೆನಪಿಗೊಂದು ಕಂಬ’ ಅನ್ನುವುದು ಪರಕೀಯ ಅನ್ನಿಸಿರಲಾರದು.

ಮೈ ತಿಂದ ಮೇಲೆ ಉಳಿದ ಮುಖ

ಈಗ ಕೊಪ್ಪಳದ ಕಡೆ ತಿರುಗೋಣ. ಈ ಜಿಲ್ಲೆಯ ಇಟಗಿಯಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಇದೆ. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಅದರ ಶಿಖರದಲ್ಲಿ, ತೋರಣಗಳ ನೆತ್ತಿಯಲ್ಲಿ ಒಂದು ಮುಖ ಮತ್ತೆ ಮತ್ತೆ ಬರುತ್ತದೆ. ಉಬ್ಬಿದ ಕಣ್ಣು, ತೆರೆದ ಬಾಯಿ, ಕೋರೆಹಲ್ಲು. ಕೆಳದವಡೆ ಎಷ್ಟೋ ಕಡೆ ಇರುವುದೇ ಇಲ್ಲ. ದೇವರ ಪ್ರಭಾವಳಿಯ ತುದಿಯಲ್ಲೂ ಇದೇ ಮುಖ. ಅನೇಕ ವೀರಗಲ್ಲುಗಳ ನೆತ್ತಿಯಲ್ಲೂ ಇದೇ. ಹೆಸರು ಕೀರ್ತಿಮುಖ.

ರಾಕ್ಷಸನಂತೆ ಕಾಣುವ ಇದಕ್ಕೆ ‘ಕೀರ್ತಿ’ಯ ಮುಖ ಅಂತ ಯಾಕೆ ಹೆಸರು? ಪುರಾಣದ ಕಥೆ ಬಹಳ ಜನರಿಗೆ ಗೊತ್ತು. ಜಲಂಧರಾಸುರ ರಾಹುವನ್ನು ದೂತನಾಗಿ ಕಳಿಸಿ ಪಾರ್ವತಿಯನ್ನು ತನಗೆ ಕೊಡು ಅಂತ ಶಿವನಿಗೆ ಹೇಳಿಸುತ್ತಾನೆ. ಶಿವನ ಸಿಟ್ಟಿನಿಂದ ಹಸಿದ ಭೂತವೊಂದು ಹುಟ್ಟಿ ರಾಹುವನ್ನು ನುಂಗಲು ಹೋಗುತ್ತದೆ. ರಾಹು ಶರಣು ಬಂದಾಗ ಶಿವ ಅವನನ್ನು ಬಿಡಿಸುತ್ತಾನೆ. ‘ಹಾಗಾದರೆ ನಾನೇನು ತಿನ್ನಲಿ?’ ಅಂತ ಭೂತ ಕೇಳಿದರೆ ‘ನಿನ್ನನ್ನೇ ತಿನ್ನು’ ಅಂತ ಉತ್ತರ. ಅದು ಕಾಲಿನಿಂದ ಶುರು ಮಾಡಿ ತನ್ನ ಮೈಯನ್ನೆಲ್ಲ ತಿಂದು ಮುಗಿಸುತ್ತದೆ. ಉಳಿದದ್ದು ಮುಖ ಮಾತ್ರ. ಶಿವ ಮೆಚ್ಚಿ ಅದಕ್ಕೆ ಕೀರ್ತಿಮುಖ ಅಂತ ಹೆಸರಿಟ್ಟು ತನ್ನ ಬಾಗಿಲಲ್ಲಿ ನಿಲ್ಲಿಸುತ್ತಾನೆ.

ಸ್ಮಾರಕದ ಮೇಲೆ ಈ ಮುಖವನ್ನು ಕಂಡಾಗ ಕಥೆಯನ್ನು ಇನ್ನೊಮ್ಮೆ ನೆನೆಯಿರಿ. ಮೈ ಪೂರ್ತಿ ಇಲ್ಲವಾಗಿದೆ, ಬಾಯಿರುವ ಮುಖ ಉಳಿದಿದೆ. ಸಾವು ಮತ್ತು ಕೀರ್ತಿ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಇದಕ್ಕಿಂತ ಚೊಕ್ಕ ಸಂಕೇತ ಸಿಗುವುದು ಕಷ್ಟ. ನವಶಾಸ್ತ್ರೀಯ ಸ್ಮಾರಕದಲ್ಲಿ ಸಾವಿಗೆ ಬೂದಿಯ ಪಾತ್ರೆ, ಕೀರ್ತಿಗೆ ಕಹಳೆ ಅಂತ ಎರಡು ಬೇರೆ ವಸ್ತುಗಳು ಬೇಕು. ಇಲ್ಲಿ ಒಂದೇ ಮುಖ ಸಾಕಾಗಿದೆ.

ಇದಕ್ಕೆ ಒಂದು ಬಲವಾದ ಸಾಕ್ಷಿ ಸಮುದ್ರದ ಆಚೆ ಇದೆ. ಇಂಡೋನೇಷ್ಯಾದ ಜಾವಾ ದ್ವೀಪದ ಪ್ರಾಚೀನ ದೇವಾಲಯಗಳ ಬಾಗಿಲ ಮೇಲೂ ಇದೇ ಮುಖ ಇದೆ. ಅಲ್ಲಿ ಅದರ ಹೆಸರು ‘ಕಾಲ’. ಕಾಲ ಎಂದರೆ ಸಮಯ, ಎಲ್ಲವನ್ನೂ ನುಂಗುವ ಮೃತ್ಯು. ಅದೇ ಮುಖಕ್ಕೆ ಇಲ್ಲಿ ಕೀರ್ತಿ ಎಂದು ಹೆಸರು, ಅಲ್ಲಿ ಕಾಲ ಎಂದು ಹೆಸರು. ಎರಡೂ ಸರಿಯೇ. ನುಂಗುವ ಬಾಯಿ ಮತ್ತು ಹೆಸರು ಹೇಳುವ ಬಾಯಿ ಒಂದೇ ಮುಖದಲ್ಲಿವೆ. ವರ್ಜಿಲ್‌ನ ಸಾವಿರ ಬಾಯಿಯ ಫಾಮಾ ಕೂಡ ಈ ಮುಖದ ದೂರದ ನೆಂಟಳಂತೆ ಕಾಣುತ್ತಾಳೆ.

ಕೊಪ್ಪಳ ಸೀಮೆಯ ಮೂರು ಉತ್ತರಗಳು

ಕೊಪ್ಪಳಕ್ಕೆ ಸಾವಿನ ಕಲ್ಲುಗಳ ಬಹಳ ಹಳೆಯ ಪರಂಪರೆಯಿದೆ. ಮೂರು ಉದಾಹರಣೆ ನೋಡೋಣ. ಮೂರೂ ಕೀರ್ತಿಯ ಬಗ್ಗೆ ಬೇರೆ ಬೇರೆ ಮಾತು ಹೇಳುತ್ತವೆ.

ಮೊದಲನೆಯದು ಗಂಗಾವತಿ ಸೀಮೆಯ ಹಿರೇಬೆಣಕಲ್. ಅಲ್ಲಿನ ಗುಡ್ಡದ ಮೇಲೆ ಕಬ್ಬಿಣಯುಗದ ಸುಮಾರು 400 ಬೃಹತ್ ಶಿಲಾ ಸಮಾಧಿ ರಚನೆಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಕಲ್ಮನೆಗಳು, ಕೆಲವಕ್ಕೆ ದುಂಡನೆಯ ಕಿಂಡಿ. 1835ರಲ್ಲಿ ಮೆಡೋಸ್ ಟೇಲರ್ ಇವುಗಳನ್ನು ಗುರುತಿಸಿ ಬರೆದ. 2021ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಈ ತಾಣ ಸೇರಿತು. ಊರವರು ಮೊರೇರ ಗುಡ್ಡ ಅಂತಾರೆ. ಮೊರೇರು ಎಂಬ ಗಿಡ್ಡ ಜನ ಅಲ್ಲಿದ್ದರು ಅಂತ ಕಥೆ. ಇಷ್ಟು ದೊಡ್ಡ ಕಲ್ಲುಗಳನ್ನು ಎತ್ತಿ ನಿಲ್ಲಿಸಲು ಊರೇ ಕೈ ಜೋಡಿಸಿರಬೇಕು. ಆದರೂ ಒಬ್ಬರ ಹೆಸರೂ ಇಲ್ಲ. ಸತ್ತವರಿಗೆ ಗೌರವ ಪೂರ್ತಿ ಇದೆ, ವ್ಯಕ್ತಿಯ ಕೀರ್ತಿ ನಮಗೆ ಓದಲು ಸಿಗುವುದಿಲ್ಲ. ಅದೇ ಗುಡ್ಡದಲ್ಲಿ ನಗಾರಿಯ ಆಕಾರದ ದೊಡ್ಡ ಬಂಡೆಯೊಂದಿದೆ. ಬಡಿದರೆ ದನಿ ದೂರ ಹೋಗುತ್ತದೆ. ದನಿ ಇದೆ, ಹೆಸರಿಲ್ಲ.

ಎರಡನೆಯದು ನಿಷಿಧಿ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ನಗರ ಇದೇ ಕೊಪ್ಪಳ. ಅದು ಜೈನರ ಮಹಾತೀರ್ಥ. ಎಷ್ಟರ ಮಟ್ಟಿಗೆ ಅಂದರೆ ದಾನಚಿಂತಾಮಣಿ ಅತ್ತಿಮಬ್ಬೆಯ ಪಾವಿತ್ರ್ಯವನ್ನು ಹೊಗಳಲು ರನ್ನ ಕೊಪಣದ ಬೆಟ್ಟವನ್ನೇ ಹೋಲಿಕೆಗೆ ತಂದ. ಅಶೋಕನ ಶಾಸನವಿರುವ ಗವಿಮಠದ ಬೆಟ್ಟದಲ್ಲೇ ಶಕ 803, ಅಂದರೆ ಕ್ರಿ.ಶ. 881ರ ಕನ್ನಡ ಶಾಸನವಿದೆ. ಏಕಚಟ್ಟುಗದ ಭಟಾರರ ಶಿಷ್ಯ ಸರ್ವನಂದಿ ಎಂಬ ಮುನಿ ಇಲ್ಲಿದ್ದು, ಊರಿಗೆ ಉಪದೇಶ ಮಾಡಿ, ಬಹುಕಾಲ ತಪಸ್ಸು ಮಾಡಿ, ಸನ್ಯಸನ ವಿಧಿಯಿಂದ ದೇಹ ಬಿಟ್ಟ ವಿಷಯ ಅದು.

ಇಲ್ಲೊಂದು ಸೂಕ್ಷ್ಮ ಇದೆ. ಸಲ್ಲೇಖನ ಹಿಡಿದವರು ಐದು ದೋಷಗಳಿಂದ ದೂರ ಇರಬೇಕು ಅಂತ ತತ್ತ್ವಾರ್ಥಸೂತ್ರ ಹೇಳುತ್ತದೆ. ಬದುಕಿನ ಆಸೆ, ಬೇಗ ಸಾಯುವ ಆಸೆ, ಗೆಳೆಯರ ಮೇಲಿನ ಒಲವು, ಹಿಂದೆ ಅನುಭವಿಸಿದ ಸುಖದ ನೆನಪು, ಮುಂದೆ ಸಿಗಬಹುದಾದ ಫಲದ ಬಯಕೆ. ಇವನ್ನೆಲ್ಲ ಬಿಟ್ಟವನು ತನಗೊಂದು ಕಲ್ಲು ಬೇಕು ಅನ್ನುತ್ತಾನೆಯೇ? ಕಲ್ಲು ಬೇಕಾದದ್ದು ಉಳಿದವರಿಗೆ. ಹಾಗಾಗಿ ನಿಷಿಧಿಗಳಲ್ಲಿ ಗೆಲುವಿನ ಕುರುಹುಗಳು ಕಡಿಮೆ. ಪದ್ಮಾಸನದಲ್ಲಿ ಕುಳಿತ ಮುನಿ, ಎದುರು ವ್ಯಾಸಪೀಠ, ಶಿಷ್ಯ, ಕಮಂಡಲು, ಇಷ್ಟೇ. ಇಲ್ಲವೇ ಎರಡು ಪಾದಗಳು.

ಪಾದಗಳ ಉದಾಹರಣೆಯೂ ಕೊಪ್ಪಳದಲ್ಲೇ ಇದೆ. ಪಾಲ್ಕಿಗುಂಡಿನ ಹತ್ತಿರ ಬಂಡೆಯ ಮೇಲೆ ಕೊರೆದ ಜೋಡಿ ಪಾದಗಳು, ಜೊತೆಗೆ ಚಿಕ್ಕ ಹಳಗನ್ನಡ ಬರಹ. ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯ ಮಾಡಿಸಿದ ಎಂಬಷ್ಟೇ ಅದರ ಅರ್ಥ. ಈ ಆಚಾರ್ಯರನ್ನು ಸಂಸ್ಕೃತ ‘ವರಾಂಗಚರಿತೆ’ಯ ಕವಿ ಜಟಾಸಿಂಹನಂದಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕೀರ್ತಿಮುಖದಲ್ಲಿ ಮುಖ ಉಳಿದರೆ ಇಲ್ಲಿ ಹೆಜ್ಜೆ ಉಳಿದಿದೆ, ಅಂದರೆ ‘ಇಲ್ಲಿದ್ದರು, ಹೋದರು’ ಅನ್ನುವ ಗುರುತು. ಜೊತೆಗೆ ಆಚಾರ್ಯರ ಹೆಸರಿನ ಪಕ್ಕದಲ್ಲೇ ಮಾಡಿಸಿದವನ ಹೆಸರೂ ಉಳಿದುಬಂತು. ಚಾವಯ್ಯ ಯಾರು, ಏನು ಕೆಲಸ ಮಾಡುತ್ತಿದ್ದ ಅನ್ನುವುದನ್ನು ಈ ಬರಹ ಹೇಳುವುದಿಲ್ಲ. ಒಂದು ಸಾಲಿನಿಂದ ಅವನೂ ಸಾವಿರ ವರ್ಷದಷ್ಟು ಬಾಳಿದ. ಕೊಪ್ಪಳದ ಈ ಕನ್ನಡ ಶಾಸನಗಳನ್ನು 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು.

ಮೂರನೆಯದು ವೀರಗಲ್ಲು. ಇದು ಕರ್ನಾಟಕದ ತುಂಬ ಇರುವ ರೂಪ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರೋ ಜಿನನ ಎದುರೋ ಕುಳಿತ ವೀರ, ತುದಿಯಲ್ಲಿ ಸೂರ್ಯ-ಚಂದ್ರ. ನವಶಾಸ್ತ್ರೀಯ ಸ್ಮಾರಕ ಸಾವನ್ನು ನೇರ ತೋರಿಸಲು ಹಿಂಜರಿಯುತ್ತದೆ, ದೀವಟಿಗೆ-ಮುಸುಕಿನ ಮರೆಯಲ್ಲಿ ಇಡುತ್ತದೆ. ವೀರಗಲ್ಲಿಗೆ ಆ ಸಂಕೋಚ ಇಲ್ಲ. ಮೈಗೆ ಬಾಣ ನೆಟ್ಟಿದೆ, ಕಾಲಬಳಿ ಹೆಣ ಬಿದ್ದಿವೆ, ದನಗಳು ಓಡುತ್ತಿವೆ.

ಅನೇಕ ವೀರಗಲ್ಲುಗಳಲ್ಲಿ ಬರುವ ಒಂದು ಸಂಸ್ಕೃತ ಶ್ಲೋಕದ ಸಾರಾಂಶವೂ ಹೀಗೇ ನಿರ್ಭಿಡೆಯದು. ಗೆದ್ದರೆ ಸಂಪತ್ತು ಸಿಗುತ್ತದೆ, ಸತ್ತರೆ ದೇವಲೋಕದ ಹೆಣ್ಣು ಸಿಗುತ್ತಾಳೆ, ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಯಾಕೆ ಅನ್ನುತ್ತದೆ ಅದು. ಅಲ್ಲಿ ರೆಕ್ಕೆಯ ಹೆಣ್ಣು ಭೂಮಿಯ ಮೇಲೆ ನಿಂತು ಕಹಳೆ ಊದಿದರೆ, ಇಲ್ಲಿ ದೇವಲೋಕದ ಹೆಣ್ಣು ವೀರನನ್ನೇ ಕೈಹಿಡಿದು ಕರೆದೊಯ್ಯುತ್ತಾಳೆ.

ಕಲಶ ಮತ್ತು ಬೂದಿಪಾತ್ರೆ: ಗೊಂದಲ ಬೇಡ

ಪಾರಂಪರಿಕ ತಾಣ ನೋಡಲು ಹೋಗುವವರು ಒಂದು ಕಡೆ ಎಡವುವುದುಂಟು. ಬ್ರಿಟಿಷ್ ಗೋರಿಯ ತುದಿಯಲ್ಲಿರುವ ಪಾತ್ರೆಯೂ ನಮ್ಮ ಕಲ್ಲಿನ ತುದಿಯ ಕಲಶವೂ ದೂರದಿಂದ ಒಂದೇ ಥರ ಕಾಣುತ್ತವೆ. ಅರ್ಥ ಮಾತ್ರ ಪೂರ್ತಿ ಉಲ್ಟಾ. ಅದು ಬೂದಿ ತುಂಬಿದ ಪಾತ್ರೆ, ಮುಗಿದದ್ದರ ಗುರುತು. ಕಲಶ ನೀರು ತುಂಬಿದ ಪೂರ್ಣಕುಂಭ, ಶುಭದ ಗುರುತು.

ಸಾವಿನ ಮಡಕೆ ನಮ್ಮಲ್ಲೂ ಇದೆ. ಶವಸಂಸ್ಕಾರದಲ್ಲಿ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಸುತ್ತಿ ಒಡೆಯುವ ರೂಢಿ ಅನೇಕ ಸಮುದಾಯಗಳಲ್ಲಿದೆ. ಅಸ್ಥಿಯನ್ನು ಕುಡಿಕೆಯಲ್ಲಿ ತುಂಬಿ ಹೊಳೆಗೆ ಬಿಡುತ್ತಾರೆ. ಗಮನಿಸಿ, ಆ ಮಡಕೆ ಮಣ್ಣಿನದು, ಅದು ಒಡೆಯಲೇಬೇಕು. ಆ ಅಸ್ಥಿ ನೀರಿನಲ್ಲಿ ಕರಗಲೇಬೇಕು. ಕಲ್ಲಿನಲ್ಲಿ ಕಡೆದು ನಿಲ್ಲಿಸಲು ಅರ್ಹವಾದದ್ದು ಪೂರ್ಣಕುಂಭ ಮಾತ್ರ.

ಹಾಗೆಯೇ ಬಾಲ ಕಚ್ಚಿದ ಹಾವಿಗೂ ಸೂರ್ಯ-ಚಂದ್ರರಿಗೂ ಹೋಲಿಕೆ ಇದೆ, ವ್ಯತ್ಯಾಸವೂ ಇದೆ. ಹಾವು ತತ್ತ್ವದ ಸಂಕೇತ, ಅನಂತ ಕಾಲ. ನಮ್ಮ ಸೂರ್ಯ-ಚಂದ್ರರಿಗೆ ಕಾನೂನಿನ ಬಲವೂ ಇದೆ. ‘ಆಚಂದ್ರಾರ್ಕ’ ಎನ್ನುವುದು ದಾನಪತ್ರದ ಮಾತು: ಸೂರ್ಯ ಚಂದ್ರರಿರುವವರೆಗೆ ಈ ಕೊಡುಗೆ ನಡೆಯಲಿ ಅಂತ. ವೀರಗಲ್ಲಿನಲ್ಲಿ ಇದು ತುಂಬ ಮುಖ್ಯ. ಯಾಕೆಂದರೆ ಸತ್ತ ವೀರನ ಮನೆಯವರಿಗೆ ಭೂಮಿ ಕೊಡುವ ಪದ್ಧತಿ ಇತ್ತು. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಶಾಸನದ ಮಾತುಗಳು ಇಂಥ ಕೊಡುಗೆಗಳವು. ಅಂದರೆ ಆ ಕಲ್ಲು ವಿಧವೆಗೂ ಮಕ್ಕಳಿಗೂ ಹೊಲದ ಕಾಗದ ಇದ್ದ ಹಾಗೆ. ಕೀರ್ತಿ ಅನ್ನುವುದು ಬರೀ ಹೊಗಳಿಕೆಯಾಗಿರಲಿಲ್ಲ, ಹಿಂದೆ ಉಳಿದವರ ಊಟದ ಪ್ರಶ್ನೆಯೂ ಆಗಿತ್ತು.

ಇದಕ್ಕೆ ಹೆಸರಾದ ಉದಾಹರಣೆ ಮಂಡ್ಯ ಜಿಲ್ಲೆಯ ಆತಕೂರು. ಕ್ರಿ.ಶ. 949-50ರ ಕಲ್ಲು. ಮಣಲೆರ ಎಂಬ ವೀರ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿ. ಅದು ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಟು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎಷ್ಟೋ ಸೇನಾಪತಿಗಳ ಹೆಸರು ಅಳಿದರೂ ಕಾಳಿಯ ಹೆಸರು ಅಳಿದಿಲ್ಲ.

ಯಾರಿಗೆ ಕಹಳೆ, ಯಾರಿಗೆ ಮೌನ

ಹಾಗಂತ ನಮ್ಮ ಕಲ್ಲುಗಳು ಎಲ್ಲರಿಗೂ ನ್ಯಾಯ ಮಾಡಿದವು ಅಂತಲ್ಲ. ಮಾಸ್ತಿಕಲ್ಲನ್ನೇ ನೋಡಿ. ಕಂಬದಿಂದ ಹೊರಬಂದ ಹಾಗೆ ಮಡಿಸಿ ಎತ್ತಿದ ಒಂದು ತೋಳು, ಅದರ ತುಂಬ ಬಳೆ. ಬಳೆ ಒಡೆದಿಲ್ಲ, ಆಕೆ ವಿಧವೆಯಾಗಲಿಲ್ಲ ಎಂಬುದು ಸಂಕೇತ. 1057ರ ಬೆಳತೂರಿನ ದೇಕಬ್ಬೆಯಂತೆ ಹೆಸರು, ಕುಲ, ಅವಳಾಡಿದ ಮಾತು ಎಲ್ಲ ಕಾವ್ಯವಾಗಿ ಶಾಸನದಲ್ಲಿ ಸಿಗುವುದು ಅಪರೂಪ. ಬಹುಪಾಲು ಮಾಸ್ತಿಕಲ್ಲುಗಳಲ್ಲಿ ತೋಳಿದೆ, ಹೆಸರಿಲ್ಲ. ಒಂದು ಪದ್ಧತಿಗೆ ಕೀರ್ತಿ ಬಂತು, ಅದರಲ್ಲಿ ಬೆಂದ ಹೆಣ್ಣಿಗೆ ಬರಲಿಲ್ಲ. ಇಂಥ ಕಲ್ಲಿನ ಮುಂದೆ ನಿಂತಾಗ ಶಿಲ್ಪದ ಚೆಲುವಿನ ಜೊತೆ ಇದನ್ನೂ ಓದಬೇಕಾಗುತ್ತದೆ.

ಕಂಪನಿ ಕಾಲದಲ್ಲಿ ಕೀರ್ತಿಯ ಹಂಚಿಕೆ ಇನ್ನೂ ಸ್ಪಷ್ಟ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಗೆ ಧಾರವಾಡದಲ್ಲಿ ಒಬೆಲಿಸ್ಕ್ ಎದ್ದಿತು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರು ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರನ್ನು ಎದುರಿಸಿ ಮಡಿದಾಗ ಆ ಸರ್ಕಾರ ಕಂಬ ನಿಲ್ಲಿಸುವ ಮಾತೇ ಇರಲಿಲ್ಲ. ಬಂಡಾಯಗಾರರ ಹೆಸರು ಉಳಿದದ್ದು ಜನರ ಬಾಯಲ್ಲಿ, ಲಾವಣಿಗಳಲ್ಲಿ.

ಇಲ್ಲಿ ಶಾಸನಾಸಕ್ತರು ನೆನೆಯಬೇಕಾದವರು ಜೆ. ಎಫ್. ಫ್ಲೀಟ್. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಶಾಸನಗಳನ್ನು ಓದಿ ಪ್ರಕಟಿಸಿದ ಈ ಬ್ರಿಟಿಷ್ ಅಧಿಕಾರಿಯೇ ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಬಂಡಾಯದ ಕನ್ನಡ ಲಾವಣಿಗಳನ್ನೂ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಕಲ್ಲಿನ ಮೇಲಿನ ಕೀರ್ತಿ, ನಾಲಿಗೆಯ ಮೇಲಿನ ಕೀರ್ತಿ, ಎರಡೂ ದಾಖಲೆಯೇ ಅಂತ ಆತ ಕಂಡುಕೊಂಡಿದ್ದ.

ಸ್ಮಾರಕಕ್ಕೂ ಸಾವುಂಟು

ಕಲ್ಲು ಶಾಶ್ವತ ಅನ್ನುವುದು ಎಲ್ಲ ಸ್ಮಾರಕಗಳ ಮೂಲ ನಂಬಿಕೆ. ಅದು ಎಷ್ಟು ಗಟ್ಟಿ? 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಮುತ್ತಿದಾಗ ಸತ್ತ ಬ್ರಿಟಿಷರ ನೆನಪಿಗೆ ಒಬೆಲಿಸ್ಕ್ ಒಂದನ್ನು ಕಟ್ಟಿದ್ದರು. ಅದಕ್ಕೆ ಸೆನೊಟಾಫ್ ಅಂತ ಹೆಸರು. ಗ್ರೀಕಿನಲ್ಲಿ ಹಾಗೆಂದರೆ ‘ಬರಿದಾದ ಗೋರಿ’, ಒಳಗೆ ದೇಹವಿಲ್ಲದ ನೆನಪು. ಸ್ವಾತಂತ್ರ್ಯ ಬಂದ ಮೇಲೆ ಊರಿನ ಜನಕ್ಕೆ ಅದು ಯಾರ ಕೀರ್ತಿ ಎಂಬ ಪ್ರಶ್ನೆ ಎದ್ದಿತು. 1964ರಲ್ಲಿ ಪ್ರತಿಭಟನೆಯ ನಂತರ ನಗರಪಾಲಿಕ ಅದನ್ನು ಕೆಡವಿತು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಕೊಪಣದ ಹೆಸರನ್ನು ಕಾವ್ಯಲಕ್ಷಣದ ಪುಸ್ತಕದಲ್ಲಿ ಉಳಿಸಿದ ಕವಿರಾಜಮಾರ್ಗದ ಜೊತೆ ಸೇರಿಹೋದ ಆ ನೃಪತುಂಗನೇ.

ಕೆಡವುವುದು ಒಂದು ಬಗೆಯ ಸಾವು. ಇನ್ನೊಂದು ಬಗೆ ನಮ್ಮ ಹಳ್ಳಿಗಳಲ್ಲಿ ದಿನವೂ ನಡೆಯುತ್ತದೆ, ಸದ್ದಿಲ್ಲದೆ. ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಹಳ್ಳಕ್ಕೆ ಹಾಸುಗಲ್ಲಾಗುತ್ತದೆ. ಗುಡಿಯ ಜೀರ್ಣೋದ್ಧಾರ ಅಂದರೆ ಶಾಸನದ ಮೇಲೆ ಆಯಿಲ್ ಪೇಂಟು ಬೀಳುತ್ತದೆ, ಟೈಲ್ಸ್ ಕೂರುತ್ತದೆ. ಕೆಲವು ಕಡೆ ಎಣ್ಣೆ-ಕುಂಕುಮ ಹಚ್ಚಿ ಪೂಜೆಯೂ ಇದೆ, ಹೆಸರು ಮಾತ್ರ ಮರೆತುಹೋಗಿದೆ. ಪೂಜೆ ಇರುವ ಕಲ್ಲು ಒಡೆಯುವ ಭಯ ಕಡಿಮೆ, ಆದರೆ ಅಕ್ಷರ ಎಣ್ಣೆಯಡಿ ಮುಚ್ಚುತ್ತದೆ.

ಈ ವಿಷಯದಲ್ಲಿ ಕಿನ್ನಾಳದಿಂದ ಕಲಿಯುವುದಿದೆ. ಕಿನ್ನಾಳದ ಚಿತ್ರಗಾರರು ಕೆಲಸ ಮಾಡುವುದು ಹಗುರವಾದ ಮರದಲ್ಲಿ. ಹುಣಸೆಬೀಜದ ಅಂಟು, ಮರದ ಹೊಟ್ಟು, ಸೆಣಬು ಕಲಸಿದ ಕಿಟ್ಟದಿಂದ ಜೋಡಿಸಿ, ಮೇಲೆ ಬಣ್ಣ ಬಳಿದು ಗರುಡ, ಗೌರಿ, ಗ್ರಾಮದೇವತೆಗಳನ್ನು ಮಾಡುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮರ ಕಲ್ಲಿನಷ್ಟು ಬಾಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಮರದ ದೇವತೆಗೆ ಜಾತ್ರೆಯ ಮುಂಚೆ ಹೊಸ ಬಣ್ಣ ಕಟ್ಟಿಸುವ ರೂಢಿ ನಮ್ಮ ಊರುಗಳಲ್ಲಿ ಬೆಳೆದಿದೆ. ವಸ್ತು ಅಳಿಯುತ್ತದೆ ಎಂಬ ಅರಿವು ಇರುವುದರಿಂದಲೇ ನೋಡಿಕೊಳ್ಳುವ ಪದ್ಧತಿ ಹುಟ್ಟಿತು. ಕಲ್ಲಿನ ವಿಷಯದಲ್ಲಿ ‘ಅದಕ್ಕೇನಾಗುತ್ತೆ, ಕಲ್ಲಲ್ವಾ’ ಅಂದುಬಿಡುತ್ತೇವೆ, ಕಾವಲು ಸಡಿಲವಾಗುತ್ತದೆ. ಕಲ್ಲಿಗೆ ಬಣ್ಣ ಬೇಡ, ಆದರೆ ಆ ನಿಗಾ ಬೇಕು.

ನೋಡುವಾಗ ಗಮನಿಸಬೇಕಾದ್ದು

ಊರಲ್ಲಿ ಸ್ಮಾರಕ ಕಲ್ಲು ಕಂಡರೆ ಇಷ್ಟು ಮಾಡಬಹುದು. ಮೊದಲು ನೆತ್ತಿ ನೋಡಿ: ಸೂರ್ಯ-ಚಂದ್ರ, ಕಲಶ, ಕೀರ್ತಿಮುಖ, ಮುಕ್ಕೊಡೆ, ಲಿಂಗ, ಯಾವುದಿದೆ? ಅದರಿಂದ ಕಲ್ಲಿನ ಬಗೆ ತಿಳಿಯುತ್ತದೆ. ಆಮೇಲೆ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ದನ ಇದ್ದರೆ ತುರುಗಾಳಗ, ಹಂದಿ-ಹುಲಿ ಇದ್ದರೆ ಬೇಟೆ, ಎತ್ತಿದ ತೋಳಿದ್ದರೆ ಮಾಸ್ತಿ. ಫೋಟೋ ತೆಗೆಯಲು ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವ ಹೊತ್ತು ಒಳ್ಳೆಯದು. ಅಕ್ಷರ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ, ಬಣ್ಣ ತುಂಬಬೇಡಿ. ಕಲ್ಲನ್ನು ಕೆರೆಯಬೇಡಿ, ಇದ್ದ ಜಾಗದಿಂದ ಕದಲಿಸಬೇಡಿ. ಊರವರು ಅದನ್ನು ಏನೆಂದು ಕರೆಯುತ್ತಾರೆ, ಯಾವ ಕಥೆ ಹೇಳುತ್ತಾರೆ ಬರೆದುಕೊಳ್ಳಿ. ಆ ಬಾಯಿಮಾತೂ ಶಾಸನದ ಭಾಗವೇ. ಹಿಂದೆ ದಾಖಲಾಗಿರದ ಕಲ್ಲಾದರೆ ಪುರಾತತ್ತ್ವ ಇಲಾಖೆಗೆ ತಿಳಿಸಿ.

ಕಹಳೆಯಾಗಲಿ, ತೆರೆದ ಬಾಯಿಯ ಮುಖವಾಗಲಿ, ಎರಡೂ ಕಲ್ಲಿನವು. ತಾವಾಗಿ ದನಿ ಮಾಡಲಾರವು. ಹಾಗಾಗಿ ಕೊನೆಗೊಂದು ಸಣ್ಣ ಕೆಲಸ: ಅಕ್ಷರ ಓದಲು ಬಂದರೆ ಮನಸ್ಸಿನಲ್ಲೇ ಓದಿ ಮುಂದೆ ಹೋಗಬೇಡಿ. ಸರ್ವನಂದಿಯೋ, ಚಾವಯ್ಯನೋ, ಕಾಳಿಯೋ, ಆ ಹೆಸರನ್ನು ಅಲ್ಲೇ ನಿಂತು ಒಂದು ಸಲ ಬಾಯಿಬಿಟ್ಟು ಹೇಳಿ. ಜೊತೆಯಲ್ಲಿ ಊರಿನ ಮಕ್ಕಳಿದ್ದರೆ ಅವರಿಂದಲೂ ಹೇಳಿಸಿ.